ಎಂತಕ್ಕೆ ಹೋಗಿದ್ದೆ?

ಮೊನ್ನೆ ಮಂಗಳವಾರ ಬನಶಂಕರಿಯಲ್ಲಿ ಇಳಿಯಬೇಕಿತ್ತು, ಇಳಿಯಲಿಲ್ಲ. ನಿದ್ದೆ ಹತ್ತಿರಲಿಲ್ಲ, ಫೋನಿನಲ್ಲಿ ಮುಳುಗಿರಲೂ ಇಲ್ಲ. ಮೆಟ್ರೊ ಬಾಗಿಲು ತೆರೆಯಿತು, ಜನ ಇಳಿದರು, ಜನ ಹತ್ತಿದರು, ಬಾಗಿಲು ಮುಚ್ಚಿತು. ನಾನು ಕೂತೇ ಇದ್ದೆ. ಬೆಳಗಿನಿಂದ ಒಂದೇ ಕಡತವನ್ನು ಮೂರು ಸಲ ತಿದ್ದಿ, ಮೊದಲು ಬರೆದದ್ದೇ ಸರಿಯಿತ್ತು ಎಂದು ಮೂರನೆಯ ಸಲಕ್ಕೆ ಗೊತ್ತಾದ ದಿನ ಅದು. ಮನೆಗೆ ಹೋದರೆ ಆ ಕಡತವೂ ಜೊತೆಗೇ ಬಂದು ಊಟಕ್ಕೆ ಕೂರುತ್ತದೆ. ಜೆ.ಪಿ. ನಗರ, ಯಲಚೇನಹಳ್ಳಿ, ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ ದಾಟಿ ವಾಜರಹಳ್ಳಿಯಲ್ಲಿ ಇಳಿದಾಗ ಗಂಟೆ ಐದೂವರೆ.

ಆಟೊದವರಿಗೆ ‘ತುರಹಳ್ಳಿ ಕಾಡು’ ಅಂದೆ.

‘ದೇವಸ್ಥಾನಕ್ಕಾ ಸಾರ್?’

‘ಅಲ್ಲ, ಕಾಡಿಗೇ.’

‘ಯಾರಾದ್ರೂ ಕಾಯ್ತಿದಾರಾ?’

‘ಇಲ್ಲ.’

ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿದರು. ಇಸ್ತ್ರಿ ಅಂಗಿ, ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ, ಕಾಲಲ್ಲಿ ಆಫೀಸಿನ ಬೂಟು. ಇಂಥವನೊಬ್ಬ ಸಂಜೆ ಹೊತ್ತು ಒಂಟಿಯಾಗಿ ಕಾಡಿಗೆ ಹೋಗುವುದು ಅವರಿಗೆ ಸರಿ ಕಂಡಿರಲಿಕ್ಕಿಲ್ಲ. ಇಳಿಸುವಾಗ, ‘ವಾಪಸ್ ಬರ್ತೀರಲ್ಲ ಸಾರ್, ಇಲ್ಲೇ ಇರ್ಲಾ?’ ಎಂದರು. ಆ ಮಾತಿನಲ್ಲಿ ಬಾಡಿಗೆಗಿಂತ ಕಾಳಜಿಯೇ ಹೆಚ್ಚಿತ್ತು.

ಈ ಅನುಮಾನ ನನಗೆ ಹೊಸದಲ್ಲ. ಶಿರಸಿ ಕಡೆಯವ ನಾನು. ನಮ್ಮಲ್ಲಿ ಕೊಟ್ಟಿಗೆಯ ಹಿಂದೆಯೇ ಕಾಡು. ಆದರೆ ಕಾಡಿಗೆ ‘ಸುಮ್ಮನೆ’ ಹೋದವರನ್ನು ನಾನು ಚಿಕ್ಕಂದಿನಲ್ಲಿ ನೋಡಿಲ್ಲ. ಬೆಟ್ಟಕ್ಕೆ ಹೋಗುವುದು ಸೊಪ್ಪಿಗೆ, ದರಕಿಗೆ, ಕಟ್ಟಿಗೆಗೆ, ಬೇಸಿಗೆಯಾದರೆ ಮುರುಗಲಿಗೆ, ಮಳೆಗಾಲವಾದರೆ ಉಪ್ಪಾಗೆಗೆ. ಹೊತ್ತು ಮುಳುಗಿದರೂ ಕೊಟ್ಟಿಗೆಗೆ ಬಾರದ ಎಮ್ಮೆಯನ್ನು ಹುಡುಕಲಿಕ್ಕೆ. ಅಡಿಕೆ ತೋಟದ ಜೊತೆ ಸೊಪ್ಪಿನ ಬೆಟ್ಟ ಎಂಬ ಏರ್ಪಾಟೇ ನಮ್ಮ ಕಡೆ ಇದೆ. ಕಾಡು ಎಂದರೆ ಗೊಬ್ಬರ, ಮೇವು, ಒಲೆ. ಒಮ್ಮೆ ರಜೆಯಲ್ಲಿ ಹೋದಾಗ ಸಂಜೆ ಬೆಟ್ಟದ ಕಡೆ ಒಂದು ಗಂಟೆ ಅಡ್ಡಾಡಿ ಬಂದೆ. ಆಯಿ ಜಗಲಿಯಲ್ಲಿ ಕೂತು ಕೇಳಿದ್ದು ಒಂದೇ ಪದ: ‘ಎಂತಕ್ಕೆ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೈಯಲ್ಲಿ ಒಂದು ಕಟ್ಟಿಗೆ ಚೂರಾದರೂ ಇದ್ದಿದ್ದರೆ ಬಚಾವಾಗುತ್ತಿದ್ದೆ.

ಕಾಡಿನ ವಿಷಯದಲ್ಲಿ ಕನ್ನಡ ಬಡ ಭಾಷೆಯಲ್ಲ. ಕಾನು, ಹಾಡಿ, ಅಡವಿ, ಮಟ್ಟಿ, ಕುರುಚಲು, ಕಾವಲು – ಒಂದೊಂದು ಕಡೆಗೆ ಒಂದೊಂದು ಹೆಸರು, ಒಂದೊಂದು ಹೆಸರಿಗೆ ಒಂದೊಂದು ಬಗೆಯ ಕಾಡು. ಆದರೆ ಕೆಲಸವಿಲ್ಲದೆ ಕಾಡಿನಲ್ಲಿ ನಡೆಯುವುದಕ್ಕೆ ನಮ್ಮಲ್ಲಿ ಸರಿಯಾದ ಮಾತಿಲ್ಲ. ‘ವಾಕಿಂಗ್’ ಎಂದರೆ ಸಕ್ಕರೆ ಕಾಯಿಲೆಯವರ ನೆನಪಾಗುತ್ತದೆ. ‘ವಾಯುವಿಹಾರ’ ಎಂಬ ಪದ ಈಗ ಉಳಿದುಕೊಂಡಿರುವುದು ಸರಗಳ್ಳರ ಸುದ್ದಿಯಲ್ಲಿ ಮಾತ್ರ. ಕೊನೆಗೆ ‘ಸುಮ್ಮನೆ ಹೋಗಿ ಬಂದೆ’ ಎನ್ನಬೇಕು. ಆ ‘ಸುಮ್ಮನೆ’ಯಲ್ಲಿ ಏನಿದೆ ಎಂಬುದೇ ಈ ಸಲದ ವಿಷಯ.

ತುರಹಳ್ಳಿ ಗೊತ್ತಿಲ್ಲದವರಿಗೆ: ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರ ರಸ್ತೆಯಿಂದ ಪಶ್ಚಿಮಕ್ಕೆ, 500 ಎಕರೆಗೂ ಮಿಕ್ಕಿದ ಕುರುಚಲು ಕಾಡು. ಸುತ್ತ ಅಪಾರ್ಟ್‌ಮೆಂಟುಗಳು. ಮಲೆನಾಡಿನವರು ಇದನ್ನು ಕಾಡು ಎಂದು ಒಪ್ಪುವುದಿಲ್ಲ. ನಾನೂ ಮೊದಲ ಸಲ ಒಪ್ಪಿರಲಿಲ್ಲ. ಇಲಾಖೆ ಹಿಂದೆ ನೆಟ್ಟ ನೀಲಗಿರಿ, ನಡುನಡುವೆ ಬೇವು, ಹೊಂಗೆ, ಜಾಲಿ, ಕಗ್ಗಲಿ, ಕಾಲಿಗೆ ತೊಡರುವ ಲಂಟಾನ. ದೊಡ್ಡ ದೊಡ್ಡ ಬಂಡೆಗಳು. ಬೆಂಗಳೂರಿನ ಎಷ್ಟೋ ಜನ ಬಂಡೆ ಹತ್ತುವುದನ್ನು ಕಲಿತದ್ದು ಇಲ್ಲಿಯೇ. ಒಳಗೆ ಹತ್ತು ನಿಮಿಷ ನಡೆದರೆ ವಾಹನದ ಸದ್ದು ನಿಲ್ಲುವುದಿಲ್ಲ, ದೂರವಾಗುತ್ತದೆ ಅಷ್ಟೆ. ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿದ ಹಾಗೆ.

ಆ ದಿನ ಗೇಟಿನ ಹತ್ತಿರ ಇದ್ದ ಗಾರ್ಡ್ ಕೇಳಿದ್ದು, ‘ಕ್ಯಾಮೆರಾ ಇದೆಯಾ? ಸೈಕಲ್ ಇದೆಯಾ?’ ಎರಡೂ ಇಲ್ಲ ಎಂದಾಗ ಅವರಿಗೂ ಸ್ವಲ್ಪ ತಬ್ಬಿಬ್ಬಾಯಿತು. ‘ಕತ್ಲಾಗೋದ್ರೊಳಗೆ ಈಚೆ ಬಂದ್ಬಿಡಿ’ ಎಂದರು.

ಮೊದಲ ಕಾಲು ಗಂಟೆ ನಾನು ಕಾಡಿನಲ್ಲಿ ಇರಲೇ ಇಲ್ಲ. ಕಾಲು ನಡೆಯುತ್ತಿತ್ತು, ತಲೆ ಕಡತದ ನಾಲ್ಕನೆಯ ಪುಟದಲ್ಲಿತ್ತು. ತರಗೆಲೆ ಒಣಗಿ ಹಪ್ಪಳವಾಗಿತ್ತು. ಪ್ರತಿ ಹೆಜ್ಜೆಗೂ ಸದ್ದು. ನನ್ನ ಸದ್ದೇ ನನಗೆ ಕಿರಿಕಿರಿಯಾಗಿ ಒಂದು ಕಡೆ ನಿಂತೆ. ಆಗ ಗೌಜಲು ಕೂಗಿತು. ಒಂದು ಕೂಗಿದರೆ ಪಕ್ಕದ ಪೊದೆಯಲ್ಲಿರುವ ಇನ್ನೊಂದು ಸುಮ್ಮನಿರುವುದಿಲ್ಲವಲ್ಲ, ಇಡೀ ಇಳಿಜಾರು ಜಗಳಕ್ಕೆ ಬಿದ್ದ ಹಾಗಾಯಿತು. ಎಲ್ಲೋ ನವಿಲು. ಹೊಂಗೆಯ ಚಿಗುರು ಎಷ್ಟು ಎಳೆಯದಾಗಿತ್ತೆಂದರೆ ಬೆಳಕು ಎಲೆಯ ಮೇಲೆ ಬೀಳುತ್ತಿರಲಿಲ್ಲ, ಒಳಗಿಂದ ಬರುತ್ತಿತ್ತು. ಒಂದು ಬಂಡೆಗೆ ಬೆನ್ನು ಕೊಟ್ಟು ಕೂತೆ. ದಿನವಿಡೀ ಕಾದಿದ್ದ ಕಲ್ಲು ಇನ್ನೂ ಬಿಸಿಯಾಗಿತ್ತು. ಬಚ್ಚಲು ಮನೆಯ ಒಲೆ ಆರಿದ ಮೇಲೂ ಹಂಡೆ ಬಿಸಿಯಿರುತ್ತದಲ್ಲ, ಹಾಗೆ. ಅಲ್ಲಿಂದ ತಗ್ಗಿಗೆ ಇಳಿದರೆ ನಾಲ್ಕೇ ಹೆಜ್ಜೆಗೆ ಗಾಳಿ ತಣ್ಣಗಾಯಿತು. ಸಂಜೆ ನೆಲ ತಣಿಯುತ್ತಿದ್ದಂತೆ ಅದಕ್ಕೆ ತಾಗಿದ ಗಾಳಿಯೂ ತಣಿದು ಭಾರವಾಗಿ, ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲುತ್ತದೆ. ಕಣ್ಣಿಗೆ ಕಾಣದ ಆ ಕೆರೆಗೆ ಮೊಣಕಾಲುದ್ದ ಇಳಿದು ಮತ್ತೆ ಹತ್ತಿ ಬಂದೆ. ಬಂದಾದ ಮೇಲೆ ಹೊಳೆಯಿತು, ಕಡತದ ನೆನಪು ಬಂದು ಅರ್ಧ ಗಂಟೆಯಾಗಿತ್ತು.

ಇದು ನನ್ನೊಬ್ಬನ ಭಾವುಕತೆಯೇ ಎಂದು ನೀವು ಕೇಳಬಹುದು. ಕೇಳಬೇಕು ಕೂಡ, ಕಾಡಿನ ವಿಷಯ ಬಂದಾಗ ಬರಹಗಾರರು ಬೇಗ ಕರಗುತ್ತಾರೆ. ಹಾಗಾಗಿ ಅಳೆದು ನೋಡಿದವರ ಮಾತು ಕೇಳೋಣ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ದಂಪತಿ ರೇಚಲ್ ಕಪ್ಲಾನ್, ಸ್ಟೀಫನ್ ಕಪ್ಲಾನ್ 1989ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಗಮನವನ್ನು ಎರಡಾಗಿ ನೋಡಿದರು. ಅವರ ವಿಚಾರವನ್ನು ವಿವರಿಸಲು ಕನ್ನಡ ಹೇಳಿ ಮಾಡಿಸಿದ ಹಾಗಿದೆ. ನಾವು ‘ಗಮನ ಕೊಡುತ್ತೇವೆ’ ಎನ್ನುತ್ತೇವೆ, ‘ಗಮನ ಹೋಯಿತು’ ಎಂದೂ ಎನ್ನುತ್ತೇವೆ. ಎರಡೂ ಒಂದಲ್ಲ. ಲೆಕ್ಕ ಕೂಡಿಸುವಾಗ, ಟ್ರಾಫಿಕ್ಕಿನಲ್ಲಿ ಬೈಕು ಓಡಿಸುವಾಗ, ಮೇಲಧಿಕಾರಿಯ ಮಾತು ಕೇಳುವಾಗ ಗಮನ ಕೊಡುತ್ತೇವೆ. ಅಂದರೆ ಖರ್ಚು ಮಾಡುತ್ತೇವೆ. ಬೇರೆ ಕಡೆ ಓಡುವ ಮನಸ್ಸನ್ನು ಹಿಡಿದು ಕೂರಿಸುವ ಈ ಕೆಲಸ ಆಯಾಸ ತರುತ್ತದೆ. ಸಂಜೆಯ ಹೊತ್ತಿಗೆ ಸಣ್ಣ ಮಾತಿಗೂ ಸಿಡುಕುವುದು ಆ ಆಯಾಸದ ಒಂದು ಗುರುತು. ಒಲೆಯ ಬೆಂಕಿ, ಹರಿಯುವ ನೀರು, ಅಲುಗುವ ಎಲೆಯ ಕಡೆ ಗಮನ ತಾನಾಗಿ ಹೋಗುತ್ತದೆ. ಯಾರೂ ಕೊಡಬೇಕಿಲ್ಲ. ಗಮನ ಎಂಬ ಪದದ ಮೂಲ ಅರ್ಥವೇ ಹೋಗುವುದು ಅಲ್ಲವೆ, ಆಗಮನ ನಿರ್ಗಮನದಲ್ಲಿ ಇರುವುದೂ ಅದೇ. ಹೀಗೆ ಅದು ತನ್ನಷ್ಟಕ್ಕೆ ಅಡ್ಡಾಡುತ್ತಿರುವಾಗ, ಕೊಟ್ಟು ಕೊಟ್ಟು ಬತ್ತಿದ ಗಮನಕ್ಕೆ ಬಿಡುವು ಸಿಕ್ಕಿ ಮತ್ತೆ ತುಂಬಿಕೊಳ್ಳುತ್ತದೆ ಎನ್ನುವುದು ಕಪ್ಲಾನ್ ದಂಪತಿಯ ವಾದ.

ಟಿವಿಯೂ ಗಮನ ಸೆಳೆಯುತ್ತದಲ್ಲ, ಫೋನೂ ಸೆಳೆಯುತ್ತದಲ್ಲ? ಸೆಳೆಯುತ್ತವೆ, ಆದರೆ ಬಿಡುವುದಿಲ್ಲ. ಎಲೆ ಅಲುಗಿದರೆ ನೋಡುತ್ತೇವೆ, ನೋಡುತ್ತಲೇ ಬೇರೇನನ್ನೋ ಯೋಚಿಸಲಿಕ್ಕೂ ಜಾಗ ಉಳಿದಿರುತ್ತದೆ. ರೀಲ್ಸ್ ಆ ಜಾಗ ಉಳಿಸುವುದಿಲ್ಲ.

2008ರಲ್ಲಿ ಅದೇ ವಿಶ್ವವಿದ್ಯಾಲಯದ ಮಾರ್ಕ್ ಬರ್ಮನ್ ಮತ್ತು ಜೊತೆಗಾರರು ಕಪ್ಲಾನ್ ದಂಪತಿಯ ವಾದವನ್ನು ಪರೀಕ್ಷೆಗೆ ಒಡ್ಡಿದರು. ಅಂಕಿಗಳ ಸಾಲನ್ನು ಕೇಳಿಸಿ ಹಿಂದುಮುಂದಾಗಿ ಹೇಳಿಸುವ ಪರೀಕ್ಷೆ ಅದು. ಆಮೇಲೆ ಒಂದು ಸಲ ಮರಗಳ ವನದಲ್ಲಿ, ಇನ್ನೊಂದು ಸಲ ಪೇಟೆ ಬೀದಿಯಲ್ಲಿ, ಸುಮಾರು ಐವತ್ತು ನಿಮಿಷ ನಡೆಸಿ ಮತ್ತೆ ಪರೀಕ್ಷೆ. ಮರಗಳ ನಡುವೆ ನಡೆದು ಬಂದಾಗ ಜನ ಹೆಚ್ಚು ಚೆನ್ನಾಗಿ ಹೇಳಿದರು. ಬೀದಿಯ ನಡಿಗೆ ಅಷ್ಟು ಕೊಡಲಿಲ್ಲ. ನನಗೆ ಇಷ್ಟವಾದದ್ದು ಬೇರೆಯೇ ಸಂಗತಿ. ಕೆಲವರು ನಡೆದದ್ದು ಅಲ್ಲಿನ ಕೊರೆಯುವ ಚಳಿಗಾಲದಲ್ಲಿ. ಅವರಿಗೆ ಆ ನಡಿಗೆ ಹಿತವೆನಿಸಿರಲಿಲ್ಲ, ಆದರೂ ಪ್ರಯೋಜನ ಸಿಕ್ಕಿತ್ತು. ಅಂದರೆ ಖುಷಿಪಡಲೇಬೇಕು ಎಂಬ ಷರತ್ತು ಕಾಡಿಗಿಲ್ಲ. ರಜಾದಿನದ ರೆಸಾರ್ಟಿಗೆ ಅದು ಇದೆ; ಕೊಟ್ಟ ದುಡ್ಡಿಗೆ ಖುಷಿಪಡಲೇಬೇಕು.

2015ರಲ್ಲಿ ಸ್ಟ್ಯಾನ್‌ಫರ್ಡ್‌ನ ಗ್ರೆಗರಿ ಬ್ರಾಟ್‌ಮನ್ ತಂಡ 90 ನಿಮಿಷದ ನಡಿಗೆಯನ್ನು ಅಳೆಯಿತು. ಕನ್ನಡದಲ್ಲಿ ‘ಮೆಲುಕು ಹಾಕುವುದು’ ಎಂದರೆ ಸಿಹಿ ನೆನಪಿನ ಮಾತು. ಮನಶ್ಶಾಸ್ತ್ರಜ್ಞರು ಹೇಳುವ ಮೆಲುಕು ಬೇರೆ. ಆದ ಅವಮಾನ, ಆಡಬಾರದಿತ್ತೆನಿಸಿದ ಮಾತು, ಇವನ್ನು ಮತ್ತೆ ಮತ್ತೆ ಬಾಯಿಗೆ ತಂದುಕೊಂಡು ಅಗಿಯುವುದು. ಹಸಿರಿನ ನಡುವೆ ನಡೆದವರಲ್ಲಿ ಈ ಕಹಿ ಮೆಲುಕು ಕಡಿಮೆಯಾಯಿತು, ವಾಹನ ತುಂಬಿದ ರಸ್ತೆಯ ಪಕ್ಕ ನಡೆದವರಲ್ಲಿ ಆಗಲಿಲ್ಲ. ಇವೆಲ್ಲ ಕೆಲವೇ ಹತ್ತು ಜನರ ಮೇಲೆ ನಡೆದ ಸಣ್ಣ ಅಧ್ಯಯನಗಳು ಎಂಬುದನ್ನೂ ಹೇಳಿಬಿಡಬೇಕು. ಇಂಗ್ಲೆಂಡಿನಲ್ಲಿ ಸುಮಾರು 20,000 ಜನರ ಮಾಹಿತಿ ನೋಡಿ 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ವಾರಕ್ಕೆ ಒಟ್ಟು 120 ನಿಮಿಷ ಹಸಿರಿನಲ್ಲಿ ಕಳೆದವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದು ಹೇಳುವುದು ಹೆಚ್ಚು ಎಂದಿತು. ಒಂದೇ ಸಲ ಎರಡು ಗಂಟೆಯೋ, ನಾಲ್ಕು ಸಲ ಅರ್ಧರ್ಧ ಗಂಟೆಯೋ, ವ್ಯತ್ಯಾಸ ಕಾಣಲಿಲ್ಲ. ಆರೋಗ್ಯ ಚೆನ್ನಾಗಿರುವವರೇ ಹೆಚ್ಚು ಹೊರಗೆ ಹೋಗುತ್ತಾರೆ ಎಂಬ ಆಕ್ಷೇಪ ಇದ್ದೇ ಇದೆ. ಆದರೂ ನಾಲ್ಕು ಅರ್ಧ ಗಂಟೆ ಎಂಬ ಲೆಕ್ಕ ಆಫೀಸಿನವರಿಗೆ ಒಳ್ಳೆಯ ಸುದ್ದಿ.

ಜಪಾನಿನ ‘ಶಿನ್ರಿನ್ ಯೋಕು’ ಬಗ್ಗೆ ಈಗ ಎಲ್ಲರೂ ಕೇಳಿದ್ದೀರಿ. ಕಾಡಿನಲ್ಲಿ ಮೀಯುವುದು ಎಂದು ಅರ್ಥ. ಇದು ಯಾವುದೋ ಋಷಿ ಕೊಟ್ಟ ಪದವಲ್ಲ. 1982ರಲ್ಲಿ ಅಲ್ಲಿನ ಅರಣ್ಯ ಇಲಾಖೆ ಚಾಲ್ತಿಗೆ ತಂದದ್ದು. ನಮ್ಮ ಇಲಾಖೆಗೂ ಜನರನ್ನು ಕಾಡಿಗೆ ಕರೆಯಲು ಒಂದು ಪದ ಬೇಕೆನಿಸಿದರೆ ನನ್ನ ಸಲಹೆ ‘ಸುಮ್ಮನೆ’.

ಆದರೆ ಕೆಲಸ ಮುಗಿಸಿ ಕಾಡಿಗೆ ಹೋಗುವ ಮಾತಿನಲ್ಲಿ ಈ ಅಧ್ಯಯನಗಳು ಹೇಳದ ಒಂದು ಕಷ್ಟ ನಮ್ಮದು: ಬೆಳಕು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದು ರಾತ್ರಿ ಹನ್ನೊಂದರ ಹತ್ತಿರ. ಐದಕ್ಕೆ ಕೆಲಸ ಬಿಟ್ಟವನು ಊಟ ಮಾಡಿ, ಮಗುವನ್ನು ಮಲಗಿಸಿ, ಆಮೇಲೂ ಕಾಡಿಗೆ ಹೋಗಬಹುದು. ಬೆಂಗಳೂರಿನಲ್ಲಿ ವರ್ಷದ ಅತಿ ತಡವಾದ ಸೂರ್ಯಾಸ್ತವೇ ಸಂಜೆ 6.50, ಜುಲೈ ತಿಂಗಳಲ್ಲಿ. ಅತಿ ಬೇಗನೆಯದು ನವೆಂಬರ್ ಕೊನೆಯ ಹೊತ್ತಿಗೆ, ಸುಮಾರು 5.50. ಡಿಸೆಂಬರ್ 21 ಅತಿ ಚಿಕ್ಕ ಹಗಲಾದರೂ ಸಂಜೆ ಅತಿ ಬೇಗ ಬರುವುದು ಅದಕ್ಕೂ ನಾಲ್ಕು ವಾರ ಮೊದಲೇ. ಇಡೀ ವರ್ಷದಲ್ಲಿ ನಮಗಿರುವ ಏರಿಳಿತ ಒಂದೇ ಗಂಟೆ.

ಸಾಲದ್ದಕ್ಕೆ ನಮ್ಮ ಮುಸ್ಸಂಜೆ ಬಹಳ ಗಿಡ್ಡ. ಉತ್ತರದ ದೇಶಗಳಲ್ಲಿ ಸೂರ್ಯ ಓರೆಯಾಗಿ, ಕ್ಷಿತಿಜದ ಮೇಲೆ ಜಾರುತ್ತ ಇಳಿಯುತ್ತಾನೆ. ಇಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಬಾವಿಗೆ ಕೊಡ ಬಿಟ್ಟ ಹಾಗೆ ಇಳಿಯುತ್ತಾನೆ. ಮುಳುಗಿದ ಮೇಲೆ ಕಲ್ಲುಮುಳ್ಳು ಕಾಣುವಷ್ಟು ಬೆಳಕು ಉಳಿಯುವುದು ಸುಮಾರು 21–23 ನಿಮಿಷ. ಮರಗಳ ಕೆಳಗೆ ಅದಕ್ಕೂ ಕಡಿಮೆ. ಒಂದು ಸಮಾಧಾನವಿದೆ: ನಮ್ಮ ಗಡಿಯಾರ ನಡೆಯುವುದು ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಬೆಂಗಳೂರು ಅದಕ್ಕಿಂತ ಐದು ಡಿಗ್ರಿ ಪಶ್ಚಿಮಕ್ಕಿದೆ, ಡಿಗ್ರಿಗೆ ನಾಲ್ಕು ನಿಮಿಷದಂತೆ ನಮಗೆ ಸಂಜೆ ಇಪ್ಪತ್ತು ನಿಮಿಷ ಲಾಭ. ಡಿಸೆಂಬರ್ ಆರಂಭದಲ್ಲಿ ನಾಲ್ಕೂವರೆಗೇ ಸೂರ್ಯ ಮುಳುಗುವ ಗುವಾಹಟಿಯವರಿಗೆ ಈ ಅಂಕಣ ತೋರಿಸಬೇಡಿ.

ಹೀಗಾಗಿ ‘ಆಫೀಸು ಬಿಟ್ಟ ಮೇಲೆ ಕಾಡು’ ಎಂಬುದು ನಮ್ಮಲ್ಲಿ ನಿಂತಿರುವುದು ಎರಡು ದೂರಗಳ ಮೇಲೆ. ಮುಗಿಯುವ ಕೆಲಸಕ್ಕೂ ಮುಳುಗುವ ಸೂರ್ಯನಿಗೂ ಇರುವ ದೂರ ಒಂದು. ಮೇಜಿಗೂ ಮೊದಲ ಮರಕ್ಕೂ ಇರುವ ದೂರ ಇನ್ನೊಂದು. ಒಂದು ಗಂಟೆ ಪ್ರಯಾಣ ಮಾಡಿ ಹೋಗಬೇಕಾದ ಕಾಡು ಶನಿವಾರದ ಕಾಡು. ಅದಕ್ಕೆ ತಯಾರಿ ಬೇಕು, ಬುತ್ತಿ ಬೇಕು, ಜೊತೆ ಬೇಕು, ವಾಟ್ಸ್ಆ್ಯಪ್ ಗುಂಪು ಬೇಕು. ಇಷ್ಟೆಲ್ಲ ಆದ ಮೇಲೆ ಗಮನ ಮತ್ತೆ ಕೊಡುವ ಬಾಬತ್ತಾಯಿತು. ಇಳಿಯಬೇಕಾದ ನಿಲ್ದಾಣದಲ್ಲಿ ಇಳಿಯದೆ ಹೋಗಿ ಮುಟ್ಟುವಷ್ಟು ಹತ್ತಿರದ ಕಾಡು ಬೇರೆ. ಅದು ಎಷ್ಟು ಸಾಧಾರಣವಾಗಿದ್ದರೂ ಪರವಾಗಿಲ್ಲ. ನೀಲಗಿರಿ, ಲಂಟಾನ ಇದ್ದರೂ ನಡೆಯುತ್ತದೆ.

ಈ ಹತ್ತಿರದ ಕಾಡನ್ನು ನಾವು ಕಳೆದುಕೊಳ್ಳುವ ದಾರಿ ಎರಡು. ಒತ್ತುವರಿ ಒಂದು, ಅದರ ಬಗ್ಗೆ ಸಾಕಷ್ಟು ಬರೆದಾಗಿದೆ. ಇನ್ನೊಂದು, ಸುಂದರಗೊಳಿಸುವುದು. 2021ರ ಆರಂಭದಲ್ಲಿ ತುರಹಳ್ಳಿಯಲ್ಲಿ ಟ್ರೀ ಪಾರ್ಕ್ ಮಾಡುವ ಪ್ರಸ್ತಾವ ಬಂದಾಗ ಸುತ್ತಲಿನ ಜನ ಭಿತ್ತಿಪತ್ರ ಹಿಡಿದು ನಿಂತರು. ಯೋಜನೆ ಅಲ್ಲಿಗೆ ನಿಂತಿತು. ಉದ್ಯಾನಕ್ಕೆ ಯಾಕೆ ವಿರೋಧ ಎಂದು ಆಗ ಹಲವರು ಕೇಳಿದ್ದರು. ನನ್ನ ಉತ್ತರ ಇದು: ಉದ್ಯಾನ ಮಾತನಾಡುತ್ತದೆ. ಇಲ್ಲಿ ನಡೆಯಿರಿ, ಇಲ್ಲಿ ಕೂರಿರಿ, ಹುಲ್ಲು ತುಳಿಯಬೇಡಿ, ಇಲ್ಲಿ ಸೆಲ್ಫಿ ತೆಗೆದುಕೊಳ್ಳಿ. ದಿನವಿಡೀ ಸೂಚನೆ ಓದಿ ಬಂದವನಿಗೆ ಮತ್ತಷ್ಟು ಸೂಚನೆ. ಕಬ್ಬನ್ ಪಾರ್ಕ್, ಲಾಲ್‌ಬಾಗ್ ನನಗೂ ಇಷ್ಟವೇ. ಆದರೆ ಕುರುಚಲು ಕಾಡಿಗೆ ನಾನು ಬಂದದ್ದೇ ಗೊತ್ತಿಲ್ಲ, ಅದು ನನ್ನಿಂದ ಏನನ್ನೂ ಬಯಸುವುದಿಲ್ಲ.

ಕಾನೂನಿನ ಕಡೆಯಿಂದ ನೋಡಿದರೆ ನಮ್ಮ ನೆಲೆ ಆಯಿಯ ‘ಎಂತಕ್ಕೆ?’ಗೆ ಹತ್ತಿರವಿದೆ. ಫಿನ್ಲೆಂಡಿನಲ್ಲಿ ಕಾಡು ಯಾರದ್ದೇ ಆಗಿರಲಿ, ಹಾನಿ ಮಾಡದೆ ನಡೆದುಹೋಗುವುದು ಪ್ರತಿಯೊಬ್ಬರ ಹಕ್ಕು. ನಾರ್ವೆ 1957ರಲ್ಲೇ ಇದಕ್ಕೊಂದು ಕಾಯ್ದೆ ಮಾಡಿತು. ನಮ್ಮ 1963ರ ಕರ್ನಾಟಕ ಅರಣ್ಯ ಕಾಯ್ದೆಯ ದೃಷ್ಟಿಯಲ್ಲಿ ಮೀಸಲು ಅರಣ್ಯಕ್ಕೆ ಅಪ್ಪಣೆಯಿಲ್ಲದೆ ಕಾಲಿಟ್ಟವನು ಅತಿಕ್ರಮಿ. ಇದನ್ನು ಪೂರ್ತಿ ತಪ್ಪು ಎನ್ನಲಾರೆ. ಅವರ ಕಾಡಿನಲ್ಲಿ ಆನೆ ಇಲ್ಲ, ಪ್ರತಿ ಬಂಡೆಯ ಸಂದಿಯಲ್ಲಿ ಬಿಯರ್ ಬಾಟಲಿ ಒಡೆದಿಟ್ಟು ಹೋಗುವ ನಾವೂ ಇಲ್ಲ. ತುರಹಳ್ಳಿಯಲ್ಲಿ ಯಾವ ಹಾದಿ ತೆರೆದಿದೆ, ಎಷ್ಟು ಹೊತ್ತಿನವರೆಗೆ ಎಂಬುದು ಆಗಾಗ ಬದಲಾಗುತ್ತದೆ. ಬೇಲಿ ಹಾರಬೇಡಿ, ಗಾರ್ಡ್ ಬೇಡವೆಂದರೆ ಮರಳಿ ಬನ್ನಿ. ಚಿರತೆ ಕಾಣಿಸಿತೆಂದು ಗೇಟು ಮುಚ್ಚುವ ದಿನಗಳೂ ಬರುತ್ತವೆ.

ಇಷ್ಟನ್ನು ಆಫೀಸಿನಲ್ಲಿ ಹೇಳಿದಾಗ ಪಕ್ಕದ ಮೇಜಿನ ಸಹೋದ್ಯೋಗಿ ತಲೆ ಎತ್ತದೆ ಹೇಳಿದರು, ‘ನೀವು ಗಂಡಸರು, ಹೋಗ್ತೀರಿ. ನಾನು ಹೋಗ್ಬೇಕಾದ್ರೆ ಮೊದಲು ನಾಲ್ಕು ಜನಕ್ಕೆ ಲೊಕೇಶನ್ ಕಳಿಸ್ಬೇಕು. ಆಮೇಲೆ ಎಲ್ಲಿ ಸುಮ್ಮನೆ?’ ನಾನು ಇಷ್ಟು ಹೊತ್ತು ಕೊಚ್ಚಿಕೊಂಡ ‘ಸುಮ್ಮನೆ’ ಅರ್ಧ ಊರಿಗೆ ಸಿಗದ ವಸ್ತು ಎಂದು ಅವರು ಒಂದೇ ಸಾಲಿನಲ್ಲಿ ತೋರಿಸಿದ್ದರು. ಗೇಟಿನಲ್ಲಿ ಕತ್ತಲಾಗುವವರೆಗೂ ಒಬ್ಬರು ಗಾರ್ಡ್, ಗೇಟಿನಿಂದ ಬಸ್ ನಿಲ್ದಾಣದವರೆಗೆ ಉರಿಯುವ ಬೀದಿದೀಪ, ಕಾಡಿನ ಹೊರಗೆ. ಇಲಾಖೆಗೂ ಪಾಲಿಕೆಗೂ ನನ್ನ ಕೋರಿಕೆ ಇಷ್ಟೇ. ಕಮಾನು, ಕಾರಂಜಿ ಬೇಡ.

ಹೋಗುವವರಿಗೆ ಒಂದೆರಡು ಮಾತು. ಆಫೀಸಿನ ಬೂಟು ಬಂಡೆಯ ಮೇಲೆ ಜಾರುತ್ತದೆ, ನಾನು ಒಮ್ಮೆ ಕೂತೇಬಿಟ್ಟೆ. ಕೊಳಕುಮಂಡಲ ಹೊರಬೀಳುವುದೂ ಸಂಜೆಯೇ, ಕಾಣದ ಸಂದಿಗೆ ಕೈ ಹಾಕಬೇಡಿ. ಬೇಸಿಗೆಯಲ್ಲಿ ಒಂದು ಬೀಡಿ ತುಂಡು ಸಾಕು, ಇಡೀ ಇಳಿಜಾರು ಸುಡುತ್ತದೆ. ಮೊದಲ ಮಳೆ ಬಿದ್ದ ಸಂಜೆ ಮಾತ್ರ ಏನೇ ಕೆಲಸವಿದ್ದರೂ ಬಿಟ್ಟು ಹೋಗಿ. ಮಣ್ಣಿನ ಸೂಕ್ಷ್ಮಜೀವಿಗಳು ಬಿಡುವ ಆ ವಾಸನೆಗೆ ಮನುಷ್ಯನ ಮೂಗು ಎಷ್ಟು ಚುರುಕೆಂದರೆ ನೂರು ಕೋಟಿಗೆ ಒಂದು ಪಾಲಿಗಿಂತಲೂ ಕಡಿಮೆಯಿದ್ದರೂ ಹಿಡಿಯುತ್ತದೆ.

ಆ ರಾತ್ರಿ ಆಯಿಗೆ ಫೋನಿನಲ್ಲಿ ಹೇಳಿದೆ. ಈ ಸಲ ‘ಎಂತಕ್ಕೆ?’ ಎಂದು ಕೇಳಲಿಲ್ಲ. ‘ಬ್ಯಾಟ್ರಿ ತಗಂಡು ಹೋಗು’ ಎಂದಳು.

ಆ ವಾರ ಬೆಂಗಳೂರಿನಲ್ಲಿ ಸೂರ್ಯ ಮುಳುಗುತ್ತಿದ್ದುದು 6.32ಕ್ಕೆ.